ಕಿಮೋ ನಡೆಯುವಾಗ ಮನೆಗೆ ಬರುವ ಡಬ್ಬಿಗಳು: ಯಾವುದನ್ನು ಕೊಡಬಹುದು, ಯಾವುದು ಬೇಡ?

ನಾಪೋಕ್ಲಿನ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿ, ಮೈಸೂರಿನಲ್ಲಿ ಕಿಮೋ ನಡೆಯುತ್ತಿದೆ. ಎಲ್ಲರೂ ಕೆಂಪು ಔಷಧಿ ಎನ್ನುವ ಡಾಕ್ಸೊರುಬಿಸಿನ್, ಅದರ ಜೊತೆಗೆ ಸೈಕ್ಲೋಫಾಸ್ಫಮೈಡ್ ಕೊಡುತ್ತಿದ್ದಾರೆ. ಇದರ ಕೊನೆಯ ಸುತ್ತು ಬಾಕಿ ಇದೆ. ಆಮೇಲೆ ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್, ಎಲ್ಲ ಮುಗಿದ ಮೇಲೆ ವರ್ಷಗಟ್ಟಲೆ ಟ್ಯಾಮಾಕ್ಸಿಫೆನ್ ಮಾತ್ರೆ ಎಂದಿದ್ದಾರೆ.

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಹಿಂದೆ ಹಣ್ಣು, ಬಿಸ್ಕತ್ತು ತರುತ್ತಿದ್ದರು. ಈಗ ಡಬ್ಬಿ ತರುತ್ತಾರೆ. ಊಟದ ಮೇಜಿನ ಒಂದು ತುದಿ ಪೂರ್ತಿ ಅವುಗಳದ್ದೇ ಆಗಿದೆ: ಅರಿಶಿನ ಮತ್ತು ಕಾಳುಮೆಣಸಿನ ಸಾರದ ಕ್ಯಾಪ್ಸೂಲ್, ಅಮೃತಬಳ್ಳಿ ರಸದ ಬಾಟಲಿ, ವಿಟಮಿನ್ ಇ, ಗ್ರೀನ್ ಟೀ ಕ್ಯಾಪ್ಸೂಲ್, ಒಣಗಿಸಿದ ಲಕ್ಷ್ಮಣಫಲದ ಎಲೆ. ಕೊಟ್ಟವರೆಲ್ಲ ನಮ್ಮವರೇ, ಪ್ರೀತಿಯಿಂದಲೇ ಕೊಟ್ಟಿದ್ದಾರೆ. ಕೊಡದೆ ಇಟ್ಟರೆ ಬೇಸರ ಮಾಡಿಕೊಳ್ಳುತ್ತಾರೆ, ಕೊಟ್ಟರೆ ಏನಾಗುತ್ತದೋ ಎಂಬ ಭಯ. ಅಮ್ಮ ಮಾತ್ರ ಎಲ್ಲವನ್ನೂ ಕುಡಿಯಲು ತಯಾರು. ‘ಗಿಡಮೂಲಿಕೆ ತಾನೇ, ಏನು ಮಾಡುತ್ತದೆ’ ಎನ್ನುತ್ತಾರೆ.

ಇನ್ನೊಂದು ಮಾತು. ಕಕ್ಕಡ ಹದಿನೆಂಟು, ಅಂದರೆ ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ, ಬರುತ್ತಿದೆ. ಮದ್ದು ಸೊಪ್ಪಿನ ಪಾಯಸ ಮಾಡದ ವರ್ಷ ನಮ್ಮ ಮನೆಯಲ್ಲಿ ಇಲ್ಲ. ಅಮ್ಮನಿಗೆ ಕೊಡಬಹುದೇ? ತಿಳಿದವರು ದಯವಿಟ್ಟು ಹೇಳಿ.

ಮಾತ್ರೆಚೀಟಿ, ಕುಶಾಲನಗರ

ತಂಗಿ, ನಾನು ಔಷಧ ತಜ್ಞೆ. ಕ್ಯಾನ್ಸರ್ ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ನಿಮ್ಮ ಅಮ್ಮನ ವೈದ್ಯರ ಜಾಗದಲ್ಲಿ ನಿಂತು ಹೇಳಲಾರೆ, ಆದರೆ ಅವರ ಹತ್ತಿರ ಏನು ಕೇಳಬೇಕು ಎಂಬುದು ನಿಮಗೆ ಸ್ಪಷ್ಟವಾಗುವ ಹಾಗೆ ಹೇಳುತ್ತೇನೆ.

ಮೊದಲು ಆ ಅರಿಶಿನ-ಮೆಣಸಿನ ಕ್ಯಾಪ್ಸೂಲ್. ಅರಿಶಿನದಲ್ಲಿರುವ ಕರ್ಕ್ಯುಮಿನ್ ಅನ್ನು ನುಂಗಿದರೆ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಹಾಗಾಗಿ ಕಂಪನಿಗಳು ಮೆಣಸಿನ ಪೈಪರಿನ್ ಬೆರೆಸುತ್ತವೆ. 1998ರಲ್ಲಿ ಬೆಂಗಳೂರಿನ ಸಂಶೋಧಕರು, ಪೈಪರಿನ್ ಜೊತೆ ಕೊಟ್ಟರೆ ಕರ್ಕ್ಯುಮಿನ್ ಹೀರಿಕೆ ಇಪ್ಪತ್ತು ಪಟ್ಟು ಹೆಚ್ಚುತ್ತದೆ ಎಂದು ತೋರಿಸಿದರು. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕುವುದು ಇದನ್ನೇ. ಆದರೆ ಪೈಪರಿನ್ ಇದನ್ನು ಹೇಗೆ ಸಾಧಿಸುತ್ತದೆ? ಹೊರಗಿನಿಂದ ಬಂದ ವಸ್ತುಗಳನ್ನು ಒಡೆದು ಹೊರಗೆ ಹಾಕಲು ನಮ್ಮ ಕರುಳು ಮತ್ತು ಲಿವರ್‌ನಲ್ಲಿ ಕಿಣ್ವಗಳಿವೆ. ಪೈಪರಿನ್ ಅವುಗಳ ಕೈ ಕಟ್ಟುತ್ತದೆ. ಅವುಗಳಲ್ಲಿ ಸಿವೈಪಿ3ಎ4 ಎಂಬುದು ಮುಖ್ಯವಾದದ್ದು. ಅದೇ ಕಿಣ್ವ ಪ್ಯಾಕ್ಲಿಟ್ಯಾಕ್ಸೆಲ್ ಅನ್ನು ಒಡೆಯುವುದರಲ್ಲೂ ಪಾಲು ಪಡೆಯುತ್ತದೆ. ಒಡೆಯುವ ಕೆಲಸ ನಿಧಾನವಾದರೆ ಔಷಧಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯಬಹುದು. ಕಿಮೋದಲ್ಲಿ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಇರುವ ಅಂತರವೇ ಕಿರಿದು.

ಟ್ಯಾಮಾಕ್ಸಿಫೆನ್ ವಿಷಯದಲ್ಲಿ ಆಗುವುದು ಇದಕ್ಕೆ ಉಲ್ಟಾ. ಆ ಮಾತ್ರೆ ದೇಹದೊಳಗೆ ಎಂಡಾಕ್ಸಿಫೆನ್ ಆಗಿ ಬದಲಾದ ಮೇಲೆಯೇ ಅದಕ್ಕೆ ಪೂರ್ಣ ಬಲ. 2019ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದ ಮಹಿಳೆಯರಿಗೆ ಕರ್ಕ್ಯುಮಿನ್ ಮತ್ತು ಪೈಪರಿನ್ ಕೊಟ್ಟು ರಕ್ತ ಪರೀಕ್ಷಿಸಿದರು. ಎಂಡಾಕ್ಸಿಫೆನ್ ಸುಮಾರು ಶೇ 12ರಷ್ಟು ಇಳಿಯಿತು. ಕೆಲವರಲ್ಲಿ ಅದು ಮೊದಲೇ ಅಂಚಿನಲ್ಲಿರುತ್ತದೆ. ಅಂಥವರಲ್ಲಿ ಅಷ್ಟು ಇಳಿದರೂ ಸಾಕು, ಔಷಧಿ ಬೇಕಾದ ಮಟ್ಟಕ್ಕಿಂತ ಕೆಳಗೆ ಹೋಗುತ್ತದೆ. ಅಮ್ಮನಿಗೆ ಏನೂ ಗೊತ್ತಾಗುವುದಿಲ್ಲ. ನೋವಿಲ್ಲ, ವಾಂತಿಯಿಲ್ಲ. ಮಾತ್ರೆ ದಿನಾ ನುಂಗುತ್ತಾರೆ, ಅದರ ಬಲ ಮಾತ್ರ ಕುಂದಿರುತ್ತದೆ. ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಇಂಥ ಸದ್ದಿಲ್ಲದ ನಷ್ಟ. ಆ ಡಬ್ಬಿಯನ್ನು ತೆಗೆದಿಡಿ.

ಹಸಿರುಬೇಲಿ

ಮೇಡಂ, ನಿಮ್ಮ ಮೇಲೆ ಗೌರವವಿದೆ. ಆದರೆ ಅರಿಶಿನ, ಮೆಣಸು ನಮ್ಮ ಅಡುಗೆಯಲ್ಲಿ ಅಜ್ಜಿಯ ಕಾಲದಿಂದಲೂ ಇವೆ. ಕಾಫಿ ಗಿಡದ ಮಧ್ಯೆ ಮರಕ್ಕೆ ಮೆಣಸು ಹಬ್ಬಿಸಿಯೇ ನಾವು ಬದುಕಿದವರು. ಮೆಣಸಿಲ್ಲದೆ ಕೊಡಗಿನಲ್ಲಿ ಮಾಂಸದ ಅಡುಗೆ ಉಂಟೇ? ಇಂಥ ಮಾತು ಕೇಳಿ ಜನ ಸಾರಿಗೆ ಅರಿಶಿನ ಹಾಕುವುದನ್ನೇ ಬಿಟ್ಟಾರು. ನಮ್ಮ ತಿಳಿವಳಿಕೆಯನ್ನು ನಾವೇ ಅನುಮಾನಿಸುವುದು ನನಗೆ ಸರಿ ಕಾಣುವುದಿಲ್ಲ.

ಮಾತ್ರೆಚೀಟಿ, ಕುಶಾಲನಗರ

ಅಣ್ಣ, ಸಾರಿಗೆ ಅರಿಶಿನ ಹಾಕಲಿ, ಮೆಣಸೂ ಹಾಕಲಿ. ಅಡುಗೆಯ ಬಗ್ಗೆ ನನ್ನ ತಕರಾರೇ ಇಲ್ಲ. ಒಂದು ಲೆಕ್ಕ ನೋಡಿ. ಅರಿಶಿನ ಪುಡಿಯ ತೂಕದಲ್ಲಿ ಕರ್ಕ್ಯುಮಿನ್ ಇರುವುದು ಶೇ 3ರ ಆಸುಪಾಸು. ಅಂಗಡಿಯಲ್ಲಿ ಸಿಗುವ 500 ಮಿಲಿಗ್ರಾಂ ಕ್ಯಾಪ್ಸೂಲ್‌ಗಳಲ್ಲಿ ಶೇ 95 ಸಾರ ಎಂದು ಬರೆದಿರುತ್ತದೆ. ಅಂದರೆ ಒಂದೇ ಕ್ಯಾಪ್ಸೂಲ್‌ನಲ್ಲಿ ಸುಮಾರು 15 ಗ್ರಾಂ ಅರಿಶಿನ ಪುಡಿಯ ಸಾರ. ದಿನಕ್ಕೆ ಮೂರು ನುಂಗಿದರೆ 45 ಗ್ರಾಂ. ಯಾವ ಅಜ್ಜಿಯೂ ಒಬ್ಬರ ತಟ್ಟೆಗೆ ಅಷ್ಟು ಅರಿಶಿನ ಹಾಕಿದವರಲ್ಲ. ಅಜ್ಜಿಯ ತಿಳಿವಳಿಕೆಯಲ್ಲಿ ಪ್ರಮಾಣವೂ ಸೇರಿತ್ತು. ಕ್ಯಾಪ್ಸೂಲ್ ಮಾಡುವವರು ಅವರ ಹೆಸರನ್ನು ಉಳಿಸಿಕೊಂಡು ಪ್ರಮಾಣವನ್ನು ಬಿಟ್ಟಿದ್ದಾರೆ.

ಬೋರ್ಡೋ ಬಕೆಟ್, ಪೊನ್ನಂಪೇಟೆ

ತೋಟದವನಾಗಿ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮೈಲುತುತ್ತ ಒಳ್ಳೆಯದು, ಸುಣ್ಣ ಒಳ್ಳೆಯದು, ಕೀಟನಾಶಕವೂ ಅದರಷ್ಟಕ್ಕೆ ಒಳ್ಳೆಯದು. ಆದರೂ ಬೋರ್ಡೋ ದ್ರಾವಣದ ಪೀಪಾಯಿಗೆ ಕೈಗೆ ಸಿಕ್ಕ ಕೀಟನಾಶಕ ಸುರಿಯುವ ಬೆಳೆಗಾರ ಇಲ್ಲ. ಸುಣ್ಣದ ಕ್ಷಾರಕ್ಕೆ ಅದು ಸತ್ತುಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಗಿಡದ ವಿಷಯದಲ್ಲಿ ನಾವು ಇಷ್ಟು ಜಾಗ್ರತೆ.

ನನಗೆ ರಕ್ತದ ಕ್ಯಾನ್ಸರ್, ಸಿಎಂಎಲ್ ಎನ್ನುತ್ತಾರಲ್ಲ, ಅದು. ವರ್ಷಗಳಿಂದ ಇಮಾಟಿನಿಬ್ ಮಾತ್ರೆಯಲ್ಲಿ ಆರಾಮವಾಗಿದ್ದೇನೆ. ತೋಟ ಸುತ್ತುತ್ತೇನೆ, ಮಳೆಗಾಲದಲ್ಲಿ ಲೈನ್ ಮನೆಗಳ ಚಾವಣಿಯನ್ನೂ ನಾನೇ ನೋಡಿಸುತ್ತೇನೆ. ವೈದ್ಯರು ದ್ರಾಕ್ಷಿಹಣ್ಣು ಬೇಡ ಎಂದರು ಎಂದು ನಮ್ಮವಳು ದ್ರಾಕ್ಷಿ ತರುವುದನ್ನೇ ನಿಲ್ಲಿಸಿದ್ದಾಳೆ. ನಿಜವಾಗಿ ಅದು ಯಾವ ಹಣ್ಣು? ನಮ್ಮ ಹಿತ್ತಲಲ್ಲಿ ಚಕ್ಕೋತ ಇದೆ, ತೋಟದಲ್ಲಿ ಹಳೆಯ ಕಿತ್ತಳೆ ಗಿಡಗಳೂ ಇನ್ನೂ ಇವೆ. ಅವುಗಳ ಕಥೆ ಏನು?

ಮಾತ್ರೆಚೀಟಿ, ಕುಶಾಲನಗರ

ಸರ್, ಅವರು ಹೇಳಿದ್ದು ಗ್ರೇಪ್‌ಫ್ರೂಟ್. ಅದು ಚಕ್ಕೋತದ ಹತ್ತಿರದ ಸಂಬಂಧಿ, ದ್ರಾಕ್ಷಿಗೂ ಅದಕ್ಕೂ ನಂಟಿಲ್ಲ. ದ್ರಾಕ್ಷಿ ಧಾರಾಳವಾಗಿ ತಿನ್ನಿ. ಬಿಡಬೇಕಾದದ್ದು ಹಿತ್ತಲಿನ ಚಕ್ಕೋತ. ಗ್ರೇಪ್‌ಫ್ರೂಟ್ ಮತ್ತು ಚಕ್ಕೋತದಲ್ಲಿ ಫ್ಯುರಾನೊಕೌಮರಿನ್ ಎಂಬ ವಸ್ತುಗಳಿವೆ. ಮೇಲೆ ಹೇಳಿದ ಸಿವೈಪಿ3ಎ4 ಕಿಣ್ವವನ್ನು ಅವು ಕರುಳಿನ ಗೋಡೆಯಲ್ಲೇ ನಿಷ್ಕ್ರಿಯ ಮಾಡುತ್ತವೆ. ದೇಹ ಹೊಸ ಕಿಣ್ವ ತಯಾರಿಸಿಕೊಳ್ಳುವ ತನಕ ಪರಿಣಾಮ ಹೋಗುವುದಿಲ್ಲ, ಒಂದು ದಿನಕ್ಕಿಂತ ಹೆಚ್ಚು ಇರುತ್ತದೆ. ಹಾಗಾಗಿ ‘ಮಾತ್ರೆ ಬೆಳಿಗ್ಗೆ, ಚಕ್ಕೋತ ರಾತ್ರಿ’ ಎಂಬ ಉಪಾಯ ನಡೆಯುವುದಿಲ್ಲ. ಮಾರ್ಮಲೇಡ್ ಮಾಡುವ ಕಹಿ ಸೆವಿಲ್ ಕಿತ್ತಳೆಗೂ ಇದೇ ಮಾತು. ಕೊಡಗಿನ ಕಿತ್ತಳೆ ಮ್ಯಾಂಡರಿನ್ ಜಾತಿಯದು, ಅದಕ್ಕೆ ಈ ನಿಷೇಧವಿಲ್ಲ.

ನಿಮ್ಮ ಮಾತ್ರೆಗೆ ಇನ್ನೊಂದು ಶತ್ರು ಇದೆ: ಸೇಂಟ್ ಜಾನ್ಸ್ ವರ್ಟ್. ಮನಸ್ಸಿನ ಬೇಸರಕ್ಕೆಂದು ವಿದೇಶದಲ್ಲಿ ಮಾರುವ ಮೂಲಿಕೆ, ಈಗ ಆನ್‌ಲೈನ್‌ನಲ್ಲಿ ಇಲ್ಲೂ ಸಿಗುತ್ತದೆ. ಇದು ಕಿಣ್ವವನ್ನು ತಡೆಯುವುದಿಲ್ಲ, ಹೆಚ್ಚಿಸುತ್ತದೆ. ಇಮಾಟಿನಿಬ್‌ನ ಮಟ್ಟ ರಕ್ತದಲ್ಲಿ ಶೇ 30ರಷ್ಟು ಕುಸಿದದ್ದು 2004ರಲ್ಲೇ ಗೊತ್ತಾಗಿದೆ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಕೊಡುವ ಇರಿನೊಟೆಕಾನ್‌ನ ಸಕ್ರಿಯ ರೂಪ ಶೇ 42ರಷ್ಟು ಇಳಿಯಿತೆಂದು 2002ರ ಅಧ್ಯಯನ ಹೇಳುತ್ತದೆ. ವಿದೇಶದಲ್ಲಿರುವ ಮಕ್ಕಳು ಪ್ರೀತಿಯಿಂದ ಕಳುಹಿಸುವ ಪೊಟ್ಟಣಗಳಲ್ಲಿ ಇದರ ಹೆಸರು ಇದೆಯೇ ಎಂದು ನೋಡಿಕೊಳ್ಳಿ.

ಬೋರ್ಡೋ ಬಕೆಟ್, ಪೊನ್ನಂಪೇಟೆ

ಇಷ್ಟು ವರ್ಷ ಹಿತ್ತಲಿನ ಚಕ್ಕೋತದ ಬಗ್ಗೆ ಯಾರೂ ಕೇಳಿರಲಿಲ್ಲ, ಹೇಳಿರಲೂ ಇಲ್ಲ. ವೈದ್ಯರು ಇಂಗ್ಲಿಷ್ ಹೆಸರು ಹೇಳಿದರು, ನಾವು ಕಿವಿಗೆ ಬಿದ್ದಷ್ಟನ್ನು ಹಿಡಿದುಕೊಂಡೆವು. ಆಸ್ಪತ್ರೆಯ ಗೋಡೆಯ ಮೇಲೆ ಚಕ್ಕೋತದ ಒಂದು ಚಿತ್ರ ಅಂಟಿಸಿದರೆ ಎಷ್ಟು ಉಪಕಾರವಾಗುತ್ತದೆ!

ಕಾವೇರಿ ಸಿಸ್ಟರ್, ವಿರಾಜಪೇಟೆ

ನಾನು ನಿವೃತ್ತ ನರ್ಸ್. ಮದ್ದು ಪಾಯಸದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಾಪೋಕ್ಲಿನ ತಂಗಿ, ಮದ್ದು ಸೊಪ್ಪಿನ ಬಗ್ಗೆ ನಮಗೆಲ್ಲ ಗೊತ್ತಿರುವ ಒಂದು ವಿಷಯವನ್ನು ಮೈಸೂರಿನ ವೈದ್ಯರಿಗೆ ನೀವೇ ಹೇಳಬೇಕು. ಸೊಪ್ಪು ಬೇಯಿಸಿದ ನೀರು ಕಡು ನೇರಳೆ. ಅಕ್ಕಿ, ಬೆಲ್ಲ, ತೆಂಗಿನ ಹಾಲು ಹಾಕಿ ಪಾಯಸ ಮಾಡಿ ತಿಂದ ಮೇಲೆ ಮೂತ್ರ ಕೆಂಪಾಗಿ ಹೋಗುತ್ತದೆ. ಮಕ್ಕಳಿಗೂ ಇದು ಗೊತ್ತು. ಆದರೆ ನಿಮ್ಮ ಅಮ್ಮನಿಗೆ ಆಗುತ್ತಿರುವ ಕೆಂಪು ಔಷಧಿ ಹಾಕಿದ ಮೇಲೂ ಒಂದೆರಡು ದಿನ ಮೂತ್ರ ಕೆಂಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಜೊತೆಗೆ ಕೊಡುವ ಸೈಕ್ಲೋಫಾಸ್ಫಮೈಡ್ ಹಾಗಲ್ಲ. ಅದು ಮೂತ್ರಕೋಶದ ಒಳಪದರವನ್ನು ಕೆರಳಿಸಿ ನಿಜವಾಗಿಯೂ ರಕ್ತ ಬರಿಸಬಲ್ಲದು. ಅದಕ್ಕಾಗಿಯೇ ನಾವು ‘ನೀರು ಚೆನ್ನಾಗಿ ಕುಡಿಯಿರಿ, ಮೂತ್ರ ತಡೆಯಬೇಡಿ’ ಎಂದು ಹೇಳಿ ಹೇಳಿ ಕಳುಹಿಸುವುದು. ಮೂರಕ್ಕೂ ಬಣ್ಣ ಒಂದೇ. ಕಕ್ಕಡದ ಆ ವಾರದಲ್ಲಿ ಕಿಮೋ ಬಿದ್ದರೆ ರಕ್ತವೋ, ಔಷಧಿಯೋ, ಪಾಯಸವೋ ಎಂದು ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಪಾಯಸದ ಬಣ್ಣವೇ ಇರಬೇಕು ಎಂದು ಸುಮ್ಮನಿದ್ದು ರಕ್ತಸ್ರಾವವನ್ನು ಕಡೆಗಣಿಸುವ ಅಪಾಯ ನನ್ನ ಕಣ್ಣಿಗೆ ಕಾಣುತ್ತಿದೆ.

ಸೊಪ್ಪನ್ನು ಕೈಬಿಡಿ ಎಂದು ನಾನು ಹೇಳುವುದಿಲ್ಲ. ಕಿಮೋ ಹಾಕಿದ ವಾರ ಅಮ್ಮನಿಗೆ ಬೇಡ. ಮನೆಯವರೆಲ್ಲ ತಿನ್ನಿ, ಅವರಿಗೆ ಬೇರೆ ಪಾಯಸ ಮಾಡಿಕೊಡಿ. ಆ ಸೊಪ್ಪನ್ನು ಪುಡಿ ಮಾಡಿ ವರ್ಷವಿಡೀ ಕುಡಿಸುವ ಯೋಚನೆ ಯಾರಾದರೂ ಕೊಟ್ಟರೆ ಅದೂ ಬೇಡ. ಹಿರಿಯರು ಅದನ್ನು ಆ ಹೊತ್ತಿಗೆ ಇಟ್ಟಿದ್ದಾರೆ, ನಿತ್ಯದ ಅಡುಗೆಗೆ ತಂದಿಲ್ಲ.

ಹಸಿರುಬೇಲಿ

ಸಿಸ್ಟರ್, ಇದನ್ನು ನಾನು ಒಪ್ಪುತ್ತೇನೆ. ಮೂರಕ್ಕೂ ಬಣ್ಣ ಒಂದೇ ಎಂಬುದು ಹೊಳೆದಿರಲಿಲ್ಲ. ಅಮೃತಬಳ್ಳಿಯ ಬಗ್ಗೆಯೂ ಹೇಳಿ. ಕೋವಿಡ್ ಕಾಲದಿಂದ ನಮ್ಮ ಬೇಲಿಯ ಬಳ್ಳಿಯನ್ನು ಊರಿಗೆಲ್ಲ ಹಂಚುತ್ತಾ ಬಂದಿದ್ದೇನೆ.

ವೈದ್ಯಶಾಲೆ, ಸುಂಟಿಕೊಪ್ಪ

ನಾನು ಆಯುರ್ವೇದ ವೈದ್ಯ. ಅಮೃತಬಳ್ಳಿಗೆ ಉತ್ತರ ನಾನೇ ಕೊಡಬೇಕು.

2021ರಲ್ಲಿ ಮುಂಬೈನ ಲಿವರ್ ತಜ್ಞರು ಅಮೃತಬಳ್ಳಿ ಸೇವಿಸುತ್ತಿದ್ದ ಕೆಲವರಲ್ಲಿ ಲಿವರ್ ಉರಿಯೂತ ಕಂಡದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಆ ತೀರ್ಮಾನವನ್ನು ಒಪ್ಪಲಿಲ್ಲ. ಸಸ್ಯ ಸರಿಯಾಗಿ ಗುರುತಾಗಿತ್ತೇ ಎಂಬ ಚರ್ಚೆಯೂ ನಡೆಯಿತು. ಆ ಚರ್ಚೆ ಹೇಗಾದರೂ ಮುಗಿಯಲಿ, ನನ್ನ ನಿಲುವು ಇದು: ಕಿಮೋದ ಪ್ರತಿ ಸುತ್ತಿಗೂ ಮುನ್ನ ರಕ್ತದಲ್ಲಿ ಲಿವರ್‌ನ ಅಂಶ ನೋಡುತ್ತಾರೆ. ಅದು ಏರಿದರೆ ಕಿಮೋ ಮುಂದಕ್ಕೆ ಹೋಗುತ್ತದೆ ಅಥವಾ ಪ್ರಮಾಣ ಇಳಿಯುತ್ತದೆ. ಏರಿದ್ದು ಕಿಮೋದಿಂದಲೋ, ನಾನು ಕೊಟ್ಟ ಕಷಾಯದಿಂದಲೋ ಎಂದು ಆ ವೈದ್ಯರಿಗೆ ತಿಳಿಯದ ಸ್ಥಿತಿ ತಂದಿಡುವುದು ವೈದ್ಯಧರ್ಮವಲ್ಲ. ನನ್ನ ಬಳಿಗೆ ಕ್ಯಾನ್ಸರ್ ರೋಗಿ ಬಂದರೆ ಮೊದಲು ಕೇಳುವುದು ಕಿಮೋದ ಚೀಟಿ. ಚಿಕಿತ್ಸೆ ನಡೆಯುತ್ತಿದ್ದರೆ ಅವರ ಆಂಕಾಲಜಿಸ್ಟ್ ಒಪ್ಪದೆ ಹೊಟ್ಟೆಗೆ ಏನನ್ನೂ ಕೊಡುವುದಿಲ್ಲ. ಅಶ್ವಗಂಧಕ್ಕೂ ಇದೇ ನಿಯಮ. ಅದರಿಂದಲೂ ಲಿವರ್‌ಗೆ ಪೆಟ್ಟಾದ ವರದಿಗಳಿವೆ, ಥೈರಾಯ್ಡ್ ಹಾರ್ಮೋನ್ ಏರುವುದೂ ಉಂಟು.

ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದು ಮಾರುವ ಯಾವುದನ್ನೇ ಆಗಲಿ, ಇಮ್ಯುನೋಥೆರಪಿ ತೆಗೆದುಕೊಳ್ಳುವವರು ಇನ್ನಷ್ಟು ಎಚ್ಚರದಿಂದ ನೋಡಬೇಕು. ಆ ಚಿಕಿತ್ಸೆಯಲ್ಲಿ ದೇಹದ ರಕ್ಷಣಾ ಪಡೆಯೇ ಲಿವರ್, ಕರುಳಿನ ಮೇಲೆ ತಿರುಗಿಬೀಳುವ ಸಂಭವ ಮೊದಲೇ ಇರುತ್ತದೆ.

ಭಸ್ಮ, ಸಿಂಧೂರದ ಹೆಸರಿನಲ್ಲಿ ಲೇಬಲ್ ಇಲ್ಲದ ಪುಡಿ ಕೊಡುವವರಿಂದ ದೂರವಿರಿ. 2004ರಲ್ಲಿ ಅಮೆರಿಕದ ಬೋಸ್ಟನ್ನಿನ ಅಂಗಡಿಗಳಲ್ಲಿ ಮಾರುತ್ತಿದ್ದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ನಮ್ಮ ಶಾಸ್ತ್ರಕ್ಕೆ ಅದರಿಂದ ಆದ ಅವಮಾನ ನನಗೆ ಇಂದಿಗೂ ನೋವು. ಕ್ಯಾನ್ಸರ್ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರವೇ ಅಪರಾಧ. ಅಂಥ ಜಾಹೀರಾತು ಕಂಡರೆ ಮೊಬೈಲಿನಲ್ಲಿ ಮುಂದಕ್ಕೆ ಕಳುಹಿಸಬೇಡಿ, ದೂರು ಕೊಡಿ.

ಹಾಲೇರಿ ಹುಡುಗ

ನನ್ನ ಬಾವನಿಗೆ ಗಂಟಲು ಕ್ಯಾನ್ಸರ್, ಮಂಗಳೂರಿನಲ್ಲಿ ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸುತ್ತಿದ್ದೇವೆ. ಬಾಯೆಲ್ಲ ಹುಣ್ಣು, ಗಂಜಿಯೂ ಇಳಿಯುವುದಿಲ್ಲ. ವಿಟಮಿನ್ ಇ ಕೊಟ್ಟರೆ ಹುಣ್ಣು ಬೇಗ ಮಾಯುತ್ತದೆ ಎಂದು ಮೆಡಿಕಲ್ ಶಾಪಿನಲ್ಲಿ ಹೇಳಿದರು. ಕೊಡಬಹುದೇ? ಸಂಪಾಜೆ ಘಾಟಿಯಲ್ಲಿ ಮಣ್ಣು ಕುಸಿದರೆ ಆಸ್ಪತ್ರೆಗೆ ಹೋಗಿ ಕೇಳುವುದೂ ಕಷ್ಟ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮಾತ್ರೆಚೀಟಿ, ಕುಶಾಲನಗರ

ಬೇಡ, ತಮ್ಮ. ಇದರ ಮೇಲೆ ಒಳ್ಳೆಯ ಅಧ್ಯಯನವೇ ಇದೆ. ಕೆನಡಾದ ಕ್ವಿಬೆಕ್‌ನಲ್ಲಿ ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್ ಇದ್ದು ರೇಡಿಯೇಷನ್ ಪಡೆಯುತ್ತಿದ್ದ 540 ಜನರಲ್ಲಿ ಅರ್ಧದಷ್ಟು ಜನರಿಗೆ ವಿಟಮಿನ್ ಇ, ಕೆಲವರಿಗೆ ಅದರ ಜೊತೆ ಬೀಟಾ ಕ್ಯಾರೊಟಿನ್ ಕೊಟ್ಟರು. ಉಳಿದವರಿಗೆ ಖಾಲಿ ಮಾತ್ರೆ. ಎರಡನ್ನೂ ತೆಗೆದುಕೊಂಡವರಲ್ಲಿ ಹುಣ್ಣಿನಂಥ ತೊಂದರೆ ನಿಜವಾಗಿಯೂ ಸ್ವಲ್ಪ ಕಡಿಮೆ ಇತ್ತು. ಆದರೆ ಕ್ಯಾನ್ಸರ್ ಮರುಕಳಿಸುವುದು ಹೆಚ್ಚುವಂತೆ ಕಂಡಿತು. 2005ರಲ್ಲಿ ಬಂದ ಫಲಿತಾಂಶದಲ್ಲಿ, ವಿಟಮಿನ್ ಇ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಹೊಸ ಕ್ಯಾನ್ಸರ್ ಹುಟ್ಟುವುದೂ ಹೆಚ್ಚಾಗಿತ್ತು. ರೇಡಿಯೇಷನ್ ನಡೆಯುವಾಗ ಸೇದುವುದನ್ನು ಬಿಡದವರಲ್ಲಿ ಫಲ ಇನ್ನೂ ಕೆಟ್ಟದ್ದು. ಕಾರಣ ಊಹಿಸಬಹುದು. ರೇಡಿಯೇಷನ್ ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಬಹುಪಾಲು ಆಕ್ಸಿಜನ್‌ನ ಉಗ್ರ ಕಣಗಳ ಮೂಲಕ. ಆ ಕಣಗಳನ್ನು ತಣಿಸುವ ವಿಟಮಿನ್ ಒಳ್ಳೆಯ ಕೋಶವನ್ನು ಕಾಪಾಡುವಾಗ ಕೆಟ್ಟ ಕೋಶವನ್ನೂ ಕಾಪಾಡುತ್ತದೆ.

ಬಾವನಿಗೆ ಹುಣ್ಣಿನ ನೋವಿಗೆ ಬೇರೆ ದಾರಿಗಳಿವೆ: ಬಾಯಿ ಮುಕ್ಕಳಿಸುವ ದ್ರಾವಣ, ನೋವಿನ ಔಷಧಿ, ಬೇಕಾದರೆ ಮೂಗಿನ ನಳಿಕೆಯಿಂದ ಆಹಾರ. ಅಷ್ಟು ನೋವನ್ನು ಸಹಿಸಿಕೊಂಡಿರಬೇಕಿಲ್ಲ. ನಾಳೆ ಬೆಳಿಗ್ಗೆ ವಾರ್ಡಿಗೆ ಫೋನ್ ಮಾಡಿ, ‘ಗಂಜಿಯೂ ಇಳಿಯುತ್ತಿಲ್ಲ’ ಎಂದು ಇದೇ ಮಾತಿನಲ್ಲಿ ಹೇಳಿ.

ತಲಶೇರಿ ಬಸ್ಸು

ನಮ್ಮ ಅಪ್ಪನನ್ನು ಮಾಕುಟ್ಟದ ದಾರಿಯಲ್ಲಿ ತಲಶೇರಿಯ ಕ್ಯಾನ್ಸರ್ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತೇವೆ. ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್, ಬೋರ್ಟೆಜೊಮಿಬ್ ಇಂಜೆಕ್ಷನ್. ಗ್ರೀನ್ ಟೀ ಬೇಡ ಎಂದು ಅಲ್ಲಿಯ ನರ್ಸ್ ಹೇಳಿದರು. ಒಂದು ಲೋಟ ಚಹಾದಲ್ಲಿ ಅಂಥದ್ದೇನಿದೆ?

ಮಾತ್ರೆಚೀಟಿ, ಕುಶಾಲನಗರ

ಆ ನರ್ಸ್ ಹೇಳಿದ್ದು ಸರಿ. ಬೋರ್ಟೆಜೊಮಿಬ್ ಅಣುವಿನ ತುದಿಯಲ್ಲಿ ಬೋರಾನ್ ಇದೆ, ಅದು ಕೆಲಸ ಮಾಡುವುದೇ ಆ ಭಾಗದಿಂದ. ಗ್ರೀನ್ ಟೀಯಲ್ಲಿರುವ ಇಜಿಸಿಜಿ ಎಂಬ ವಸ್ತು ನೇರವಾಗಿ ಹೋಗಿ ಆ ಬೋರಾನ್ ಅನ್ನೇ ಹಿಡಿದುಕೊಳ್ಳುತ್ತದೆ. ಇಲ್ಲಿ ಲಿವರ್, ಕಿಣ್ವ ಯಾವುದೂ ನಡುವೆ ಬರುವುದಿಲ್ಲ. 2009ರಲ್ಲಿ ಪ್ರಯೋಗಶಾಲೆಯ ಕೋಶಗಳಲ್ಲಿ ಮತ್ತು ಇಲಿಗಳಲ್ಲಿ ಇದನ್ನು ತೋರಿಸಿದಾಗ ಸಂಶೋಧಕರಿಗೇ ಆಶ್ಚರ್ಯವಾಗಿತ್ತು. ಅವರು ಹುಡುಕುತ್ತಿದ್ದದ್ದು ಎರಡೂ ಸೇರಿ ಹೆಚ್ಚು ಗುಣ ಕೊಡುತ್ತವೆಯೇ ಎಂದು. ಒಂದು ಲೋಟದಲ್ಲಿ ಇಜಿಸಿಜಿ ಕಡಿಮೆ, ಕ್ಯಾಪ್ಸೂಲ್‌ನಲ್ಲಿ ಬಹಳ. ಆದರೂ ಚಿಕಿತ್ಸೆ ಮುಗಿಯುವ ತನಕ ಎರಡೂ ಬೇಡ. ವಿಟಮಿನ್ ಸಿ ಮಾತ್ರೆಯೂ ಬೇಡ. ಊಟದ ನೆಲ್ಲಿಕಾಯಿ, ನಿಂಬೆಗೆ ಹೆದರಬೇಡಿ.

ಕೊಡ್ಲಿಪೇಟೆ ಮನೆ

ಇದನ್ನೆಲ್ಲ ಓದಿ ಎದೆ ನಡುಗುತ್ತಿದೆ. ಮಾವನಿಗೆ ಶ್ವಾಸಕೋಶದ ಕ್ಯಾನ್ಸರ್, ಪೆಮೆಟ್ರೆಕ್ಸೆಡ್ ಎಂಬ ಕಿಮೋ. ದಿನಾ ಫೋಲಿಕ್ ಆ್ಯಸಿಡ್ ಮಾತ್ರೆ ನುಂಗುತ್ತಾರೆ, ಆಗಾಗ ಬಿ12 ಇಂಜೆಕ್ಷನ್ ಕೊಡಿಸುತ್ತೇವೆ. ನಾಳೆಯಿಂದ ಎರಡನ್ನೂ ನಿಲ್ಲಿಸಿಬಿಡುತ್ತೇನೆ.

ಮಾತ್ರೆಚೀಟಿ, ಕುಶಾಲನಗರ

ನಿಲ್ಲಿಸಬೇಡಿ! ದಯವಿಟ್ಟು ನಿಲ್ಲಿಸಬೇಡಿ. ಅವೆರಡೂ ಆ ಕಿಮೋದ ಭಾಗವೇ. ಪೆಮೆಟ್ರೆಕ್ಸೆಡ್ ಫೋಲೇಟ್ ನಡೆಯುವ ದಾರಿಗೆ ಅಡ್ಡ ಹಾಕಿ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ. ದೇಹದಲ್ಲಿ ಫೋಲೇಟ್, ಬಿ12 ಕಡಿಮೆ ಇದ್ದರೆ ಅದೇ ಔಷಧಿ ರಕ್ತಕಣಗಳನ್ನೂ ಬಾಯಿ-ಕರುಳಿನ ಪದರವನ್ನೂ ಜೀವಕ್ಕೆ ಅಪಾಯವಾಗುವಷ್ಟು ಹಾಳು ಮಾಡುತ್ತದೆ. ಅದಕ್ಕಾಗಿ ಕಿಮೋಗೆ ಒಂದು ವಾರ ಮೊದಲೇ ಫೋಲಿಕ್ ಆ್ಯಸಿಡ್ ಶುರು ಮಾಡಿ, ಕೊನೆಯ ಸುತ್ತು ಮುಗಿದ ಮೇಲೂ ಮೂರು ವಾರ ಮುಂದುವರಿಸುತ್ತಾರೆ. ಬಿ12 ಒಂಬತ್ತು ವಾರಕ್ಕೊಮ್ಮೆ.

ಅದೇ ಫೋಲಿಕ್ ಆ್ಯಸಿಡ್ ಅನ್ನು ಕ್ಯಾಪೆಸಿಟಾಬಿನ್ ಮಾತ್ರೆ ನುಂಗುವ ದೊಡ್ಡ ಕರುಳಿನ ಕ್ಯಾನ್ಸರ್ ರೋಗಿ ತಾನೇ ಕೊಂಡು ನುಂಗಿದರೆ ಭೇದಿ, ಅಂಗೈ-ಅಂಗಾಲು ಸುಲಿಯುವುದು ಹೆಚ್ಚಾಗುತ್ತದೆ. ಒಂದೇ ವಿಟಮಿನ್ ಒಬ್ಬರಿಗೆ ರಕ್ಷೆ, ಇನ್ನೊಬ್ಬರಿಗೆ ಅಪಾಯ. ನಾನು ಇಲ್ಲಿ ಬರೆದದ್ದನ್ನು ಓದಿ ಯಾರೂ ವೈದ್ಯರು ಬರೆದ ಮಾತ್ರೆ ಬಿಡಬಾರದು. ಸ್ತನ ಕ್ಯಾನ್ಸರ್‌ಗೆ ಲೆಟ್ರೊಜೋಲ್ ತೆಗೆದುಕೊಳ್ಳುವವರಿಗೆ ಮೂಳೆ ಸವೆಯದಿರಲಿ ಎಂದು ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡುತ್ತಾರೆ, ಅದನ್ನೂ ಬಿಡಬೇಡಿ. ಅನುಮಾನ ಇರಬೇಕಾದದ್ದು ಚೀಟಿಯಲ್ಲಿ ಇಲ್ಲದ ಡಬ್ಬಿಗಳ ಮೇಲೆ.

ಕೊಡ್ಲಿಪೇಟೆ ಮನೆ

ದೊಡ್ಡ ಉಪಕಾರವಾಯಿತು ಅಕ್ಕ. ಈಗಲೇ ಮಾವನಿಗೆ ಮಾತ್ರೆ ಕೊಟ್ಟು ಬಂದೆ.

ಚೆಟ್ಟಳ್ಳಿ ಅತ್ತೆ

ನಾನು ಟ್ಯಾಮಾಕ್ಸಿಫೆನ್‌ನಲ್ಲಿದ್ದೇನೆ. ಚಿಕಿತ್ಸೆ ಶುರುವಾದ ಮೇಲೆ ಮೈ ತುಂಬಾ ಬಂದಿದೆ. ಪಕ್ಕದ ಮನೆಯವಳು ತೂಕ ಇಳಿಸಲು ಗಾರ್ಸಿನಿಯಾ ಕ್ಯಾಪ್ಸೂಲ್ ಕೊಟ್ಟಳು. ‘ಇದು ನಮ್ಮ ಕಾಚಂಪುಳಿ ಹಣ್ಣಿನದ್ದೇ, ಭಯ ಬೇಡ’ ಎಂದಳು. ನಿಜವೇ?

ಕಾವೇರಿ ಸಿಸ್ಟರ್, ವಿರಾಜಪೇಟೆ

ಹಣ್ಣು ಅದೇ. ಗಾರ್ಸಿನಿಯಾ ಗಮ್ಮಿಗಟ್ಟಾ ಎಂಬ ಹೆಸರಿನ ಗಿಡ. ನಾವು ಹಣ್ಣಿನ ರಸವನ್ನು ಗಂಟೆಗಟ್ಟಲೆ ಕುದಿಸಿ ಕಪ್ಪಾಗಿಸಿ ಬಾಟಲಿಯಲ್ಲಿ ಇಡುತ್ತೇವೆ, ಹಂದಿ ಮಾಂಸಕ್ಕೆ ಒಂದೆರಡು ಚಮಚ ಹಾಕಿದರೆ ಇಡೀ ಮನೆಗೆ ಸಾಕು. ಕ್ಯಾಪ್ಸೂಲ್‌ನವರು ಸಿಪ್ಪೆಯಿಂದ ಹೈಡ್ರಾಕ್ಸಿ ಸಿಟ್ರಿಕ್ ಆ್ಯಸಿಡ್ ತೆಗೆದು ತಿಂಗಳುಗಟ್ಟಲೆ ದಿನಾ ನುಂಗಲು ಹೇಳುತ್ತಾರೆ. ಹಾಗೆ ನುಂಗಿದವರಲ್ಲಿ ಲಿವರ್ ಹಾಳಾಗಿ ಕಸಿ ಮಾಡಬೇಕಾದ ಪ್ರಕರಣಗಳೂ ವರದಿಯಾಗಿವೆ. ಟ್ಯಾಮಾಕ್ಸಿಫೆನ್‌ನಿಂದ ಲಿವರ್‌ನಲ್ಲಿ ಕೊಬ್ಬು ಸೇರುವುದು ಮೊದಲೇ ಉಂಟು. ಅತ್ತೆ, ಕಾಚಂಪುಳಿ ಬಾಟಲಿ ಅಡುಗೆಮನೆಯಲ್ಲಿ ಇರಲಿ, ಕ್ಯಾಪ್ಸೂಲ್ ಬೇಡ. ತೂಕದ ಬಗ್ಗೆ ವೈದ್ಯರನ್ನು ನೇರವಾಗಿ ಕೇಳಿ, ನಾಚಿಕೊಳ್ಳುವ ವಿಷಯವೇ ಅಲ್ಲ.

ನಾಪೋಕ್ಲಿನ ಮಗಳು

ಎಲ್ಲರಿಗೂ ಕೈ ಮುಗಿಯುತ್ತೇನೆ. ಒಂದು ವಿಷಯ ಹೇಳಲೇಬೇಕು. ಹಿಂದಿನ ಸಲ ಒಬ್ಬ ವೈದ್ಯರ ಹತ್ತಿರ ಅಮೃತಬಳ್ಳಿಯ ಮಾತೆತ್ತಿದ್ದಕ್ಕೆ, ‘ಇಂಥದ್ದೆಲ್ಲ ಮಾಡುವುದಾದರೆ ಇಲ್ಲಿಗೆ ಯಾಕೆ ಬರುತ್ತೀರಿ’ ಎಂದು ಗದರಿದರು. ಅಮ್ಮ ಆ ದಿನ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಆಮೇಲೆ ನನಗೂ ಗೊತ್ತಾಗದ ಹಾಗೆ ಕುಡಿಯತೊಡಗಿದರು. ಬಾಟಲಿಯ ಮಟ್ಟ ಇಳಿದದ್ದು ನೋಡಿ ನನಗೆ ತಿಳಿದದ್ದು. ಮತ್ತೆ ಅವರ ಮುಂದೆ ಬಾಯಿ ಬಿಡಲು ಧೈರ್ಯ ಬರುತ್ತಿಲ್ಲ.

ಕಾವೇರಿ ಸಿಸ್ಟರ್, ವಿರಾಜಪೇಟೆ

ಗದರಿದ್ದು ತಪ್ಪು. ರೋಗಿಯನ್ನು ಗದರಿದರೆ ಅಭ್ಯಾಸ ನಿಲ್ಲುವುದಿಲ್ಲ, ಹೇಳುವುದು ನಿಲ್ಲುತ್ತದೆ. ಮುಚ್ಚಿಟ್ಟ ಬಾಟಲಿಯ ಅಪಾಯ ಎರಡು ಪಟ್ಟು, ಏಕೆಂದರೆ ವೈದ್ಯರು ಅದನ್ನು ಲೆಕ್ಕಕ್ಕೆ ಹಿಡಿಯದೆಯೇ ಮುಂದಿನ ಸುತ್ತು ಬರೆಯುತ್ತಾರೆ.

ಈ ಸಲ ಹೀಗೆ ಮಾಡಿ. ಎಲ್ಲ ಡಬ್ಬಿಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಹೊರಲಾಗದಿದ್ದರೆ ಪ್ರತಿ ಡಬ್ಬಿಯ ಮುಂದಿನ ಮತ್ತು ಹಿಂದಿನ ಲೇಬಲ್ ಓದುವಷ್ಟು ಸ್ಪಷ್ಟವಾಗಿ ಫೋಟೋ ತೆಗೆಯಿರಿ. ಹಿಂದಿನ ಸಣ್ಣ ಅಕ್ಷರವೇ ಮುಖ್ಯ. ‘ಔಷಧೀಯ ಬಳಕೆಗೆ ಅಲ್ಲ’ ಎಂದು ಇಂಗ್ಲಿಷಿನಲ್ಲಿ ಮುದ್ರಿಸಿರುವುದೂ ಅಲ್ಲೇ ಕಾಣುತ್ತದೆ, ಅಮ್ಮನಿಗೂ ಓದಿ ಹೇಳಿ. ವೈದ್ಯರಿಗೆ ಸಮಯ ಇಲ್ಲದಿದ್ದರೆ ಕಿಮೋ ಡೇ ಕೇರ್‌ನ ಹಿರಿಯ ನರ್ಸ್‌ಗೆ ಅಥವಾ ಆಸ್ಪತ್ರೆಯ ಕ್ಲಿನಿಕಲ್ ಫಾರ್ಮಸಿಸ್ಟ್‌ಗೆ ತೋರಿಸಿ. ‘ಕೊಡಬಹುದೇ’ ಎಂದು ಕೇಳಬೇಡಿ, ‘ಅಮ್ಮ ಇದನ್ನು ಇಂಥ ದಿನದಿಂದ ಇಷ್ಟು ಕುಡಿದಿದ್ದಾರೆ, ರಕ್ತಪರೀಕ್ಷೆ ನೋಡಿ ಹೇಳಿ’ ಎನ್ನಿ. ಹಾಗೆ ಕೇಳಿದರೆ ಯಾರೂ ತಳ್ಳಿಹಾಕುವುದಿಲ್ಲ.

ಅಮ್ಮನನ್ನು ನೀವು ಗದರಬೇಡಿ. ಕೂದಲು ಹೋಗಿದೆ, ರುಚಿ ಹೋಗಿದೆ, ಎಲ್ಲವನ್ನೂ ಬೇರೆಯವರು ತೀರ್ಮಾನಿಸುತ್ತಿದ್ದಾರೆ. ಆ ಬಾಟಲಿ ಒಂದೇ ಅವರು ತಾವೇ ಆರಿಸಿಕೊಂಡದ್ದು. ಅದನ್ನು ಕಿತ್ತುಕೊಳ್ಳುವಾಗ ಬದಲಿಗೆ ಏನಾದರೂ ಕೊಡಿ: ಬಿಸಿ ಬಿಸಿ ಕಡಂಬುಟ್ಟು, ಮೊಟ್ಟೆ, ಬೇಳೆ, ಅವರಿಗೆ ಒಗ್ಗುವ ಮೀನಿನ ಸಾರು. ಕಿಮೋದಲ್ಲಿ ದೇಹಕ್ಕೆ ಬೇಕಾದ ಪ್ರೋಟೀನ್ ಯಾವ ಕ್ಯಾಪ್ಸೂಲ್‌ನಲ್ಲೂ ಇಲ್ಲ. ನೋಡಲು ಬರುವವರಿಗೂ ಹೇಳಿಬಿಡಿ, ‘ಡಬ್ಬಿ ಬೇಡ, ನಾಟಿಕೋಳಿ ಮೊಟ್ಟೆ ತನ್ನಿ’ ಎಂದು. ಚೆನ್ನಾಗಿ ಬೇಯಿಸಿ ಕೊಡಿ. ಬಿಳಿ ರಕ್ತಕಣ ಇಳಿದಿರುವ ದಿನಗಳಲ್ಲಿ ಹಸಿ ಸೊಪ್ಪಿನ ರಸ, ಅರೆಬೆಂದ ಮೊಟ್ಟೆ ಎರಡೂ ಸೋಂಕಿಗೆ ದಾರಿ.

ನಾಪೋಕ್ಲಿನ ಮಗಳು

ಸಿಸ್ಟರ್, ಹೋಗಿ ಬಂದೆವು. ನೀವು ಹೇಳಿದ ಹಾಗೆ ಡೇ ಕೇರ್ ನರ್ಸ್‌ಗೆ ಚೀಲ ತೋರಿಸಿದೆ. ಅವರು ಫಾರ್ಮಸಿಸ್ಟ್ ಅನ್ನು ಕರೆಸಿದರು. ಒಂದೊಂದೇ ಡಬ್ಬಿ ಎತ್ತಿ ನೋಡಿ ಫೈಲಿನಲ್ಲಿ ಬರೆದುಕೊಂಡರು. ಲಿವರ್‌ನ ಒಂದು ಅಂಶ ಸ್ವಲ್ಪ ಏರಿತ್ತು, ಹಾಗಾಗಿ ಒಂದು ವಾರ ಬಿಟ್ಟು ಮತ್ತೆ ರಕ್ತ ನೋಡಿ ಕೊನೆಯ ಸುತ್ತು ಕೊಡುತ್ತಾರೆ. ಕಾರಣ ಅಮೃತಬಳ್ಳಿಯೇ ಎಂದು ಅವರು ಹೇಳಲಿಲ್ಲ, ಆದರೆ ನಿಲ್ಲಿಸಿ ನೋಡೋಣ ಎಂದರು. ಲಕ್ಷ್ಮಣಫಲದ ಎಲೆ ಮಾತ್ರ ಯಾವಾಗಲೂ ಬೇಡವಂತೆ. ಅದನ್ನು ಬಹುಕಾಲ ಸೇವಿಸಿದವರಲ್ಲಿ ನರಗಳಿಗೆ ತೊಂದರೆಯಾಗಿ ಪಾರ್ಕಿನ್‌ಸನ್ಸ್ ರೀತಿಯ ಕಾಯಿಲೆ ಕಂಡದ್ದಿದೆ ಎಂದರು.

ಅಮ್ಮ ಅವರ ಹತ್ತಿರ ತಾವೇ ಮಾತಾಡಿದರು. ‘ಟ್ಯಾಮಾಕ್ಸಿಫೆನ್ ಶುರುವಾದ ಮೇಲೆ ಹಾಲಿಗೆ ಚಿಟಿಕೆ ಅರಿಶಿನ ಹಾಕಿಕೊಳ್ಳಲೇ’ ಎಂದು ಕೇಳಿದರು. ಹಾಕಿಕೊಳ್ಳಿ ಎಂದರು.

ಗೋಣಿಕೊಪ್ಪ ಸೊಸೆ

ತಡವಾಗಿ ಕೇಳುತ್ತಿದ್ದೇನೆ. ಕಿಮೋ ಮುಗಿದಿದೆ, ಕೂದಲು ಬೇಗ ಬರಲಿ ಎಂದು ಬಯೋಟಿನ್ ಮಾತ್ರೆ ತಂದಿದ್ದೇನೆ. ಮುಂದಿನ ವಾರ ಥೈರಾಯ್ಡ್ ಮತ್ತು ಕ್ಯಾನ್ಸರ್ ಮಾರ್ಕರ್ ಪರೀಕ್ಷೆ ಇದೆ. ತೊಂದರೆ ಇಲ್ಲವಲ್ಲ?

ಮಾತ್ರೆಚೀಟಿ, ಕುಶಾಲನಗರ

ಇದೆ. ಪ್ರಯೋಗಾಲಯಗಳ ಹಲವು ರಕ್ತಪರೀಕ್ಷೆಗಳು ಬಯೋಟಿನ್ ಅನ್ನೇ ಅಂಟಿನಂತೆ ಬಳಸಿಕೊಂಡು ನಡೆಯುತ್ತವೆ. ರಕ್ತದಲ್ಲಿ ಹೊರಗಿನ ಬಯೋಟಿನ್ ತುಂಬಿದ್ದರೆ ಥೈರಾಯ್ಡ್, ಹಾರ್ಮೋನ್, ಕೆಲವು ಮಾರ್ಕರ್‌ಗಳ ಅಂಕಿಯೇ ತಪ್ಪಾಗಿ ಬರುತ್ತದೆ. ಅಮೆರಿಕದ ಔಷಧ ಆಡಳಿತ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಮಾತ್ರೆಯನ್ನು ಇನ್ನೂ ಶುರು ಮಾಡಿರದಿದ್ದರೆ ಪರೀಕ್ಷೆ ಮುಗಿಯುವ ತನಕ ಮುಟ್ಟಬೇಡಿ. ಶುರು ಮಾಡಿದ್ದರೆ ಇವತ್ತೇ ನಿಲ್ಲಿಸಿ, ಯಾವ ಪ್ರಮಾಣ, ಎಷ್ಟು ದಿನ ತೆಗೆದುಕೊಂಡಿರಿ ಎಂದು ರಕ್ತ ತೆಗೆಯುವವರಿಗೂ ವೈದ್ಯರಿಗೂ ಹೇಳಿ. ಬೇಕಾದರೆ ಅವರು ಪರೀಕ್ಷೆಯ ದಿನವನ್ನು ಮುಂದಕ್ಕೆ ಹಾಕುತ್ತಾರೆ. ಕಿಮೋದಿಂದ ಉದುರಿದ ಕೂದಲು ಹೆಚ್ಚಿನವರಲ್ಲಿ ಯಾವ ಮಾತ್ರೆಯೂ ಇಲ್ಲದೆ ಕೆಲವು ತಿಂಗಳಲ್ಲಿ ಬರುತ್ತದೆ.